ಉಳಿ: ಅರ್ಥ ಬರೆಯಿರಿ

ಗೋಕಾವಿಯಲ್ಲಿ ಪಾಸಾಗುವ ಹುಡುಗ ಹುಕ್ಕೇರಿಯಲ್ಲಿ ನಾಪಾಸಾಗುತ್ತಾನೆ, ಹುಕ್ಕೇರಿಯಲ್ಲಿ ತಿಣುಕಿ ಪಾಸಾದವಳು ಮೂಡಲಗಿಯಲ್ಲಿದ್ದಿದ್ದರೆ ಮೊದಲ ನಂಬರು ಬರುತ್ತಿದ್ದಳು, ಇದೇನು ಪರೀಕ್ಷೆಯೋ ಕಾಯಿಪಲ್ಲೆಯ ಸಂತೆಯೋ ಎಂದು ಬೆಳಗಾವಿಯ ಡೆಪ್ಯುಟಿ ಸಾಹೇಬರಿಗೆ ಸಿಟ್ಟು ಬಂತು. ಬರಬೇಕಾದದ್ದೇ. ಆದರೆ ಸಾಹೇಬರ ಸಿಟ್ಟು ಬೆಳಗಾವಿಯಲ್ಲಿ ಕೂಡುವುದಿಲ್ಲ, ಕೆಳಗಿಳಿಯುತ್ತ ಬಂದು ಯಾರದಾದರೂ ತಲೆಯ ಮೇಲೆ ಕೂಡುತ್ತದೆ. ಈ ಸಲ ನಮ್ಮ ಮೂವರ ತಲೆ ಸಿಕ್ಕಿತು. ಗೋಕಾವಿ, ಮೂಡಲಗಿ, ಹುಕ್ಕೇರಿ ಈ ಮೂರೂ ಊರುಗಳ ನಾಲ್ಕನೆಯ ಇಯತ್ತೆಯ ಪರೀಕ್ಷೆಯ ಮುಖ್ಯಸ್ಥರು ವರ್ಷಕ್ಕೆ ಎರಡು ಸಲ ಒಂದು ಕಡೆ ಕೂಡಬೇಕು, ಒಂದೇ ಪ್ರಶ್ನಪತ್ರಿಕೆ ತೆಗೆಯಬೇಕು, ಒಂದೇ ಕೈ ತಿದ್ದಿದ ಹಾಗೆ ಮಾರ್ಕು ಹಾಕಬೇಕು ಎಂದು ಹುಕುಮು ಬಂತು. ಸುಮಾರು ಮೂವತ್ತನೆಯ ಇಸವಿಯ ಮಾತು.

ಹುಕ್ಕೇರಿಯ ಮುಖ್ಯಸ್ಥೆ ನಾನು. ಹೆಸರು ತಾರಾಬಾಯಿ, ಹೆಣ್ಣುಮಕ್ಕಳ ಸಾಲೆಯ ಹೆಡ್ಡು. ಈ ಕೆಲಸ ಗಂಡುಮಕ್ಕಳ ಸಾಲೆಯ ಹೆಡ್ ಮಾಸ್ತರರದಾಗಬೇಕಿತ್ತು. ಅವರಿಗೆ ಕಣ್ಣಿನಲ್ಲಿ ಪೊರೆ ಬಂದು ಅಕ್ಷರ ಕಾಣದಂತಾದದ್ದರಿಂದ, ಬೇರೆ ಯಾರೂ ಸಿಗಲಿಲ್ಲವೆಂದು ನನ್ನ ಮೇಲೆ ಬಿತ್ತು. ಹೀಗೆ ಬೇರೆ ಯಾರೂ ಸಿಗಲಿಲ್ಲವೆಂದೇ ನನಗೆ ಜೀವಮಾನದಲ್ಲಿ ಬಹಳಷ್ಟು ಸಿಕ್ಕಿದೆ. ಚಿಕ್ಕಂದಿನಲ್ಲೇ ಮದುವೆ ಮಾಡಿದರು, ಚಿಕ್ಕಂದಿನಲ್ಲೇ ಗಂಡ ತೀರಿಕೊಂಡ. ಅವನ ಮುಖ ನನಗೆ ನೆನಪಿಲ್ಲ. ಮದುವೆಯಲ್ಲಿ ತಿಂದ ಬುಂದೆಲಾಡು ನೆನಪಿದೆ. ನಮ್ಮ ಅಪ್ಪ ರಾವಸಾಹೇಬರು ಅರಿವೆಯ ವ್ಯಾಪಾರಿ, ಜಾತಿಯವರ ಮಾತಿಗೆ ಕಿವಿಗೊಡದ ಮೊಂಡ. ನನ್ನನ್ನು ಸೊಲ್ಲಾಪುರದ ಜೈನ ಹೆಣ್ಣುಮಕ್ಕಳ ಆಶ್ರಮದಲ್ಲಿಟ್ಟು ಓದಿಸಿದರು, ಧಾರವಾಡದಲ್ಲಿ ಟ್ರೇನಿಂಗ್ ಮಾಡಿಸಿದರು, ನಾನು ನೌಕರಿಗೆ ಸೇರಿದ ವರ್ಷವೇ ತೀರಿಹೋದರು. ಮನೆಯಲ್ಲಿ ನಾನು ಮತ್ತು ಅವ್ವ ಜಿನ್ನವ್ವ, ಇಬ್ಬರೇ.

ಗೋಕಾವಿಯಿಂದ ಬಂದವರು ಕೇದಾರಿ ಮಾಸ್ತರರು. ವಯಸ್ಸಾದವರು, ಕರಿ ಟೊಪ್ಪಿಗೆ, ಮೂಗಿಗೆ ನಶ್ಯ, ಕೈಯಲ್ಲಿ ಸದಾ ಒಂದು ಕರದಂಟಿನ ಪೊಟ್ಟಣ. ಮೂಡಲಗಿಯಿಂದ ಬಂದವರು ಆದಿನಾಥ ಮಾಸ್ತರರು.

ಮೂವರಿಗೂ ನಡುವೆ ಬೀಳುವ ಊರು ಘಟಪ್ರಭಾ. ಸ್ಟೇಶನ್ನಿನ ಬಾಜೂಕ್ಕೆ ಒಂದು ಸಾಲೆಯಿತ್ತು. ರವಿವಾರ ಅದು ಖಾಲಿ. ಅಲ್ಲಿ ನೆಲದ ಮೇಲೆ ಜಮಖಾನೆ ಹಾಸಿಕೊಂಡು ಕೂತೆವು. ಯಾರಿಗೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕಡೆಗೆ ಆದಿನಾಥ ಮಾಸ್ತರರು, “ಒಂದ ಪೇಪರು ಮೂರೂ ಮಂದಿ ತಿದ್ದೂಣ್ರಿ. ಮಾರ್ಕು ಚೀಟ್ಯಾಗ ಬರದು ಕೇದಾರಿ ಮಾಸ್ತರ ಟೊಪ್ಪಿಗ್ಯಾಗ ಹಾಕೂಣು. ಒಬ್ಬರದು ಒಬ್ಬರು ನೋಡಬಾರದು,” ಎಂದರು. ಹಾಗೆಯೇ ಮಾಡಿದೆವು. ಚೀಟಿ ಬಿಚ್ಚಿದರೆ ಐವತ್ತಕ್ಕೆ ಕೇದಾರಿ ಮಾಸ್ತರರು ಕೊಟ್ಟದ್ದು ಹತ್ತೊಂಬತ್ತು, ಆದಿನಾಥ ಮಾಸ್ತರರು ಕೊಟ್ಟದ್ದು ಮೂವತ್ತು, ನಾನು ಕೊಟ್ಟದ್ದು ಮೂವತ್ತೇಳು. ಒಂದೇ ಹುಡುಗ, ಒಂದೇ ಪೇಪರು. ಡೆಪ್ಯುಟಿ ಸಾಹೇಬರ ಸಿಟ್ಟಿಗೆ ಅರ್ಥವಿದೆ ಎಂದು ಅವತ್ತು ತಿಳಿಯಿತು.

“ಹುಡುಗರಿಗೆ ಕೈ ಬಿಟ್ಟ ಕೊಟ್ರ ಸೊಕ್ಕ ಬರ್ತೈತ್ರಿ. ನಾ ಮೊದಲ ಕೊಯ್ಯಾಂವ, ಆಮ್ಯಾಲ ನೋಡಾಂವ,” ಎಂದರು ಕೇದಾರಿ ಮಾಸ್ತರರು.

“ನನ್ನ ಹುಡಿಗ್ಯಾರು ಮನ್ಯಾಗ ಕೂಸು ಆಡಿಸಿ, ಸಗಣಿ ಬಳದು ಸಾಲಿಗೆ ಬರ್ತಾರ. ಬಂದದ್ದಕ್ಕ ಅರ್ಧಾ ಮಾರ್ಕು ಕೊಡಬೇಕು,” ಎಂದೆ ನಾನು. ಆಗ ನನ್ನ ನಾಲಿಗೆ ಈಗಿನಕ್ಕಿಂತ ಹರಿತವಿತ್ತು.

ಆದಿನಾಥ ಮಾಸ್ತರರು ನಮ್ಮ ಜಗಳದಲ್ಲಿ ಬಾಯಿ ಹಾಕಲಿಲ್ಲ. ಪೇಪರನ್ನು ಮತ್ತೊಮ್ಮೆ ಓದುತ್ತಿದ್ದರು. ಅವರು ಓದುವ ರೀತಿಯೇ ಬೇರೆ. ತಪ್ಪು ಹುಡುಕುವವರ ಹಾಗೆ ಓದುತ್ತಿರಲಿಲ್ಲ. ಈ ಹುಡುಗ ಇಲ್ಲಿ ಏನು ಹೇಳಲಿಕ್ಕೆ ಹೊರಟಿದ್ದ ಎಂದು ಕೇಳಿಕೊಳ್ಳುವವರ ಹಾಗೆ ಓದುತ್ತಿದ್ದರು. ಆ ಪೇಪರಿನಲ್ಲಿ ಒಂದು ಪ್ರಶ್ನೆ, ಘಟಪ್ರಭಾ ನದಿ ಎಲ್ಲಿ ಹುಟ್ಟುತ್ತದೆ? ಹುಡುಗ ಬರೆದ ಉತ್ತರ, ನಮ್ಮ ಊರಿಗಿಂತ ಮೇಲಿನ ಊರಿನಲ್ಲಿ. ಕೇದಾರಿ ಮಾಸ್ತರರು ಅದಕ್ಕೆ ಸೊನ್ನೆ ಹಾಕಿ ಮೇಲೊಂದು ಗೀಟು ಎಳೆದಿದ್ದರು. ಆದಿನಾಥ ಮಾಸ್ತರರು ಅರ್ಧ ಮಾರ್ಕು ಹಾಕಿದ್ದರು.

“ಸಹ್ಯಾದ್ರಿ ಅಂತ ಅವಗ ಗೊತ್ತಿಲ್ಲ, ಖರೆ. ಆದ್ರ ಹೊಳಿ ಮ್ಯಾಲಿಂದ ಕೆಳಗ ಬರ್ತೈತಿ ಅನ್ನೂದು ಗೊತ್ತೈತಿ. ಅರ್ಧಾ ಹಾದಿ ನಡದಾನ್ರಿ,” ಎಂದರು.

ನಾನೂ ಆ ಉತ್ತರಕ್ಕೆ ಅರ್ಧ ಮಾರ್ಕೇ ಹಾಕಿದ್ದೆ. ಯಾಕೆ ಹಾಕಿದೆನೆಂದು ಕೇಳಿದ್ದರೆ ಇದೇ ಮಾತು ಹೇಳುತ್ತಿದ್ದೆ. ಇಷ್ಟು ವರ್ಷ ಸಾಲೆ, ಮನೆ, ಬಸದಿ ಎಂದು ಓಡಾಡಿದವಳು ನಾನು. ನನ್ನ ತಲೆಯೊಳಗಿನ ಮಾತು ಇನ್ನೊಬ್ಬರ ಬಾಯಿಂದ ಬಂದದ್ದನ್ನು ಅದೇ ಮೊದಲ ಸಲ ಕೇಳಿದೆ. ಪೇಪರನ್ನು ಮಡಿಚಿಟ್ಟೆ.

ಅವತ್ತಿನಿಂದ ನಮ್ಮ ನೇಮ ನಿಂತಿತು. ಯಾವ ಉತ್ತರಕ್ಕೆ ಜಗಳ ಬಂದರೂ ಮೂವರೂ ಚೀಟಿ ಬರೆಯಬೇಕು, ಟೊಪ್ಪಿಗೆಗೆ ಹಾಕಬೇಕು, ಇಬ್ಬರ ಮಾತು ಕೂಡಿದ್ದು ಮೂರೂ ಊರಿಗೆ ಕಾಯಿದೆ. ಒಬ್ಬರೇ ತಿದ್ದಿದ್ದು ಯಾವುದೂ ಲೆಕ್ಕಕ್ಕಿಲ್ಲ. ಮನೆ ಎಂಬುದನ್ನು ಮನಿ ಎಂದು ಬರೆದರೆ ಎಷ್ಟು ಕೊಯ್ಯಬೇಕು, ಉತ್ತರ ಸರಿಯಿದ್ದು ಲೆಕ್ಕದ ರೀತಿ ತಪ್ಪಿದ್ದರೆ ಏನು ಮಾಡಬೇಕು, ಇಂಥವೆಲ್ಲ ಆ ಟೊಪ್ಪಿಗೆಯಿಂದಲೇ ಹೊರಬಂದವು. ಹೋಗುತ್ತ ಹೋಗುತ್ತ ಕೇದಾರಿ ಮಾಸ್ತರರ ಕೈ ಸಡಿಲಾಯಿತು, ನನ್ನ ಕೈ ಬಿಗಿಯಾಯಿತು. ಮತ್ತೆ ನನ್ನ ಚೀಟಿ ಮತ್ತು ಆದಿನಾಥ ಮಾಸ್ತರರ ಚೀಟಿ ಒಂದಾಗತೊಡಗಿದವು. ಸುಮಾರಾಗಿ ಒಂದಾಗುವುದಲ್ಲ, ಅರ್ಧ ಮಾರ್ಕಿನ ತನಕ ಒಂದಾಗುವುದು.

“ನೀವಿಬ್ಬರೂ ಒಂದ ಪೆನ್ಸಿಲ್‌ಲೇ ಬರೀತೀರೋ ಏನೋ! ಮೂರನೇದಾಂವ ನಾ ಯಾಕ ಬರಬೇಕ್ರಿ ಇಲ್ಲಿಗೆ, ಕರದಂಟ ಹೊರಾಕೇನು?” ಎಂದು ಕೇದಾರಿ ಮಾಸ್ತರರು ನಕ್ಕರು. ನನ್ನ ಮುಖಕ್ಕೆ ಬಿಸಿ ಹತ್ತಿತು. ಆದಿನಾಥ ಮಾಸ್ತರರು ಕಿಟಕಿಯ ಹೊರಗೆ ಇಲ್ಲದ ಗಾಡಿಯನ್ನು ನೋಡಿದರು.

ಅವರೂ ಜೈನರು, ನಾವೂ ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು. ಕೆಲಸ ಎಷ್ಟೇ ಇರಲಿ, ಬಿಸಿಲು ಗೋಡೆಯ ಅಂಚಿಗೆ ಏರಿತೆಂದರೆ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದೆವು. ನನ್ನದು ರೊಟ್ಟಿ, ಹೆಸರುಕಾಳಿನ ಪಲ್ಯ. ಅವರದು ಮುದುಕಿ ತಾಯಿ ಮಾಡಿ ಕಟ್ಟಿದ ದಪ್ಪ ರೊಟ್ಟಿ, ಅಗಸಿ ಹಿಂಡಿ ಎಂಬ ಅಗಸೆಯ ಚಟ್ನಿಪುಡಿ. ಅವರ ಹೆಂಡತಿ ಮೊದಲ ಹೆರಿಗೆಯಲ್ಲಿ ಕೂಸಿನ ಜೊತೆಗೇ ಹೋಗಿದ್ದಳೆಂದು ಕೇದಾರಿ ಮಾಸ್ತರರಿಂದ ತಿಳಿದಿತ್ತು. ಅವರಾಗಿ ಹೇಳಿರಲಿಲ್ಲ. ನಾನು ಪಲ್ಯವನ್ನು ಅವರ ಕಡೆಗೆ ಸರಿಸುತ್ತಿದ್ದೆ, ಅವರು ಹಿಂಡಿಯನ್ನು ನನ್ನ ಕಡೆಗೆ ಸರಿಸುತ್ತಿದ್ದರು. ಕೇದಾರಿ ಮಾಸ್ತರರು ದೂರ ಕೂತು, “ಇನ್ನೂ ಹೊತ್ತೈತ್ರಿ, ಸಾವಕಾಶ ಉಣ್ರಿ, ಸೂರ್ಯಾಗ ನಾ ಹೇಳಿ ನಿಂದರಸ್ತೇನಿ,” ಎಂದು ಕಾಡುತ್ತಿದ್ದರು. ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಹುಕ್ಕೇರಿಯಲ್ಲಿ ಪೇಪರು ತಿದ್ದಲಿಕ್ಕೆ ಕೂತಾಗ ಒಂದು ಉತ್ತರದ ಮೇಲೆ ನನ್ನ ಪೆನ್ಸಿಲ್ಲು ತಡೆಯುತ್ತಿತ್ತು. ಕೊಡಲೋ ಬಿಡಲೋ ಎಂದಾಗ, ಮೂಡಲಗಿಯಲ್ಲಿ ಅವರ ಪೆನ್ಸಿಲ್ಲೂ ಇಂಥದೇ ಒಂದು ಸಾಲಿನ ಮೇಲೆ ನಿಂತಿರಬೇಕು ಅನ್ನಿಸುತ್ತಿತ್ತು. ಆಗ ಆ ಕೋಣೆಯಲ್ಲಿ ನಾನು ಒಬ್ಬಳೇ ಇರುತ್ತಿರಲಿಲ್ಲ. ಅವರು ಬೇಕು ಅನ್ನಿಸುತ್ತಿತ್ತು. ಬರೀ ಅವರ ಚೀಟಿಯಲ್ಲ, ಅವರು. ರೊಟ್ಟಿ ಬಡಿಯುವಾಗ, ಸಾಲೆಯ ಗಂಟೆ ಹೊಡೆಸುವಾಗ, ಮಳೆ ಬಂದು ಓಣಿ ತುಂಬ ನೀರು ಹರಿಯುವಾಗ, ಇದನ್ನು ಅವರು ನೋಡಿದ್ದರೆ ಏನೆನ್ನುತ್ತಿದ್ದರು ಎಂದು ಕೇಳಿಕೊಳ್ಳುವ ಚಟ ಹತ್ತಿತು. ಉಳಿದ ದಿನಗಳೆಲ್ಲ ಆ ಎರಡು ರವಿವಾರಗಳ ಕಡೆಗೆ ತೆವಳುತ್ತಿದ್ದವು.

ಅವ್ವನಿಗೆ ಹೇಳದೆಯೇ ತಿಳಿಯಿತು. ಘಟಪ್ರಭೆಗೆ ಹೋಗುವ ದಿನ ನಾನು ಇಸ್ತ್ರಿ ಮಾಡಿದ ಸೀರೆ ಉಡುತ್ತೇನೆಂಬುದನ್ನು ಅವಳು ನೋಡಿದ್ದಳು.

“ಉಡಿಕಿ ನಮ್ಮೊಳಗ ಇಲ್ಲದ್ದೇನಲ್ಲ,” ಎಂದಳು ಒಂದು ದಿನ, ಅಕ್ಕಿ ಆರಿಸುತ್ತ. ಉಡಿಕೆ ಎಂದರೆ ಗಂಡ ಸತ್ತವಳ ಮರುಮದುವೆ. “ನಿಮ್ಮ ಕಾಕಾಗ ಹೇಳಿ ಮೂಡಲಗ್ಯಾಗ ಕೇಳಸಲೇನ?”

“ಬ್ಯಾಡಬೇ. ಕೇಳೂದಿದ್ರ ಅವರ ಕೇಳಬೇಕು.”

“ಅವರು ಕೇಳದಿದ್ರ?”

“ಕೇಳದಿದ್ರ ಬ್ಯಾಡ,” ಎಂದು ಎದ್ದುಬಿಟ್ಟೆ. ನನ್ನ ಸೊಕ್ಕಿಗೆ ಕೇದಾರಿ ಮಾಸ್ತರರ ಹಾಗೆ ಯಾರಾದರೂ ಮಾರ್ಕು ಕೊಯ್ಯಬೇಕಿತ್ತು. ನಿಜ ಹೇಳಬೇಕೆಂದರೆ ಅದು ಪೂರಾ ಸೊಕ್ಕೂ ಅಲ್ಲ. ಕಾಕಾ ಹೋಗಿ ಕೇಳಿ, ಅವರು ಮುಲಾಜಿಗೆ ಹೂಂ ಅಂದುಬಿಟ್ಟರೆ? ಅಂಥ ಹೂಂ ನನಗೆ ಬೇಕಿರಲಿಲ್ಲ.

ನಾಲ್ಕನೆಯ ವರ್ಷ, ಮಾಘ ಮಾಸದಲ್ಲಿ, ನನಗೆ ಧಾರವಾಡದ ಆರ್ಡರು ಬಂತು. ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನಲ್ಲಿ ಕಲಿಸುವ ಕೆಲಸ. ಮಾಸ್ತರಿಣಿಯಾಗುವ ಹುಡುಗಿಯರಿಗೆ ಪಾಠ ಹೇಳುವುದು ಹೇಗೆ, ಪೇಪರು ತಿದ್ದುವುದು ಹೇಗೆ ಎಂದು ಕಲಿಸಬೇಕು. ನಾನು ವರ್ಷಗಟ್ಟಲೆ ಅರ್ಜಿ ಹಾಕಿ ಹಾಕಿ ಕೈಬಿಟ್ಟಿದ್ದ ಜಾಗ. ಒಪ್ಪಿಗೆಯನ್ನು ಯುಗಾದಿಯೊಳಗೆ ತಿಳಿಸಬೇಕೆಂದಿತ್ತು.

ಆ ವಾರವೇ ಪ್ರಶ್ನಪತ್ರಿಕೆ ತೆಗೆಯಲಿಕ್ಕೆ ಘಟಪ್ರಭೆಯಲ್ಲಿ ಕೂಡಿದೆವು. ಸುದ್ದಿ ಹೇಳಿದೆ. ಕೇದಾರಿ ಮಾಸ್ತರರು ಕರದಂಟಿನ ಪೊಟ್ಟಣ ಪೂರಾ ನನ್ನ ಕೈಗಿಟ್ಟು, “ನಮ್ಮ ಮಂದಿ ಒಬ್ಬರರೆ ಮ್ಯಾಲ ಹತ್ತಿದ್ರಲ್ಲ, ಭಾಳ ಛಲೋ ಆತವಾ,” ಎಂದರು. ನಾನು ಆದಿನಾಥ ಮಾಸ್ತರರ ಮುಖ ನೋಡಿದೆ.

“ಛಲೋ ಆತ್ರಿ,” ಎಂದರು ಅವರು. ಮತ್ತೊಮ್ಮೆ, “ಛಲೋ ಆತು.”

ಎರಡೆರಡು ಸಲ ಹೇಳುವಂಥ ಛಲೋ ಅದರಲ್ಲಿ ಏನಿತ್ತೋ. ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಅಳು ಬಂತು. ನುಂಗಿಕೊಂಡು ಕೆಲಸಕ್ಕೆ ಕೂತೆ. ಆ ವರ್ಷ ಭಾಷೆಯ ಪ್ರಶ್ನೆಗಳು ನನ್ನ ಪಾಲಿಗಿದ್ದವು. ಕೆಳಗಿನ ಪದಗಳಿಗೆ ಅರ್ಥ ಬರೆಯಿರಿ ಎಂದು ಬರೆದು, ಹೊನ್ನು, ಇರುಳು, ಗೆಳೆಯ ಎಂದು ಪಾಠಪುಸ್ತಕದ ಪದಗಳನ್ನು ಹಾಕಿದೆ. ಕಡೆಗೆ, ಪುಸ್ತಕದಲ್ಲಿಲ್ಲದ ಒಂದು ಪದ ಹಾಕಿದೆ: ಉಳಿ. ಬೇಕೆಂದೇ ಹಾಕಿದೆ, ಸುಳ್ಳು ಹೇಳಲಿಕ್ಕೆ ನನಗೆ ಬರುವುದಿಲ್ಲ. ತಿದ್ದುವವರ ಸಲುವಾಗಿ ಬರೆಯುವ ಸರಿ ಉತ್ತರದ ಕಾಗದದಲ್ಲಿ ಅದರ ಮುಂದೆ ‘ಹೋಗದೆ ಇರು’ ಎಂದು ಬರೆದೆ. ಕೇದಾರಿ ಮಾಸ್ತರರು ಆಗ ಚಹಾ ತರಲಿಕ್ಕೆ ಹೋಗಿದ್ದರು. ಮರಳಿ ಬಂದ ಮೇಲೂ ಅವರು ಲೆಕ್ಕದ ಪ್ರಶ್ನೆ ಬಿಟ್ಟರೆ ಬೇರೆ ನೋಡುವವರಲ್ಲ.

ಆದಿನಾಥ ಮಾಸ್ತರರು ಮೂಡಲಗಿಗೆಂದು ನಕಲು ಮಾಡಿಕೊಂಡರು. ನಾನು ಎದುರಿಗೆ ಕೂತು ಅವರು ಬರೆಯುವ ಟಾಕನ್ನೇ ನೋಡುತ್ತಿದ್ದೆ. ಹೊನ್ನು, ಚಿನ್ನ. ಇರುಳು, ರಾತ್ರಿ. ಗೆಳೆಯ, ಸ್ನೇಹಿತ. ಉಳಿ ಎಂದು ಬರೆದು ಟಾಕು ನಿಂತಿತು. ಮಸಿಯಲ್ಲಿ ಅದ್ದಿದರು, ಅದ್ದಬೇಕಾದ ಜರೂರಿ ಇರಲಿಲ್ಲ. ‘ಹೋಗದೆ ಇರು’ ಎಂದು ಬರೆದು, ತಲೆಯೆತ್ತದೆ, ಮುಂದಿನ ಸಾಲಿಗೆ ಹೋದರು. ಸಂಜೆ ಮೋಟಾರು ಬರುವವರೆಗೂ ಬೇರೆ ಮಾತೇ ಆಡಲಿಲ್ಲ.

ಇನ್ನೊಂದು ಸಲ ಕೂಡುವುದಿದೆಯಲ್ಲ, ಆಗ ಹೇಳುತ್ತಾರೆ ಎಂದುಕೊಂಡೆ. ಧಾರವಾಡಕ್ಕೆ ಉತ್ತರ ಬರೆಯದೆ ತಡೆದೆ. ಅವ್ವ ದಿನಾ ಕೇಳುತ್ತಿದ್ದಳು, ನಾನು ದಿನಾ ನಾಳೆ ಎನ್ನುತ್ತಿದ್ದೆ. ಅವರು ಒಂದು ಮಾತು, ಉಳಿ ಎಂಬ ಒಂದೇ ಮಾತು ಅಂದರೆ ಸಾಕಿತ್ತು, ನಾನು ಧಾರವಾಡವನ್ನು ಬಿಟ್ಟುಕೊಡುತ್ತಿದ್ದೆ. ಪರೀಕ್ಷೆಯ ದಿನ ಸಾಲುಸಾಲಾಗಿ ಕೂತ ಹುಡುಗಿಯರು ಆ ಪದದ ಮುಂದೆ ತಲೆ ತಗ್ಗಿಸಿ ಬರೆಯುತ್ತಿದ್ದರೆ, ನನ್ನ ಮನಸ್ಸಿನಲ್ಲಿರುವುದನ್ನು ಇಡೀ ವರ್ಗಕ್ಕೆ ಬರೆಯಲಿಕ್ಕೆ ಹಚ್ಚಿದ್ದೇನಲ್ಲ ಎಂದು ನಾಚಿಕೆಯಾಯಿತು. ಮೂಡಲಗಿಯಲ್ಲೂ ಇದೇ ಹೊತ್ತಿಗೆ ಇದೇ ಪದ ಬರೆಯುತ್ತಿದ್ದಾರೆ, ಅವರು ಸಾಲುಗಳ ನಡುವೆ ಓಡಾಡುತ್ತಿದ್ದಾರೆ ಎಂದು ನೆನೆದಾಗ ನಾಚಿಕೆ ಹೋಯಿತು.

ಯುಗಾದಿ ಇನ್ನೂ ಮುಂದಿರುವಾಗಲೇ ತಿದ್ದಿದ ಪೇಪರುಗಳ ಗಂಟು ಹೊತ್ತುಕೊಂಡು ಮತ್ತೆ ಕೂಡಿದೆವು. ಕೇದಾರಿ ಮಾಸ್ತರರು ಬಂದವರೇ ಟೊಪ್ಪಿಗೆ ತೆಗೆದು ನೆಲಕ್ಕೆ ಅಪ್ಪಳಿಸಿದರು.

“ಏನ್ರಿ ಬಾಯಾರ, ಉಳಿ ಅಂದ್ರ ಹೋಗದ ಇರೂದೇನ? ನಮ್ಮೂರಾಗ ಗೊಂಬಿ ಮಾಡವರ ಓಣಿ ಐತಿ. ಹಾಲ ಕುಡ್ಯೂ ಕೂಸಿಗೆ ಕೇಳ್ರಿ ಉಳಿ ಅಂದ್ರೇನಂತ. ಕಟಗಿ ಕೆತ್ತೂ ಉಳಿ! ನನ್ನ ಹುಡುಗರೆಲ್ಲಾ ಅದನ್ನ ಬರದಾರ. ನಿಮ್ಮ ಕಾಗದ ನೋಡಿ ನಾ ಎಲ್ಲಾ ತಪ್ಪ ಹಾಕಬೇಕಾತು. ಒಂದ ಮಾರ್ಕಿಗೆ ನಾಪಾಸ ಆದವರದಾರ ಅದರಾಗ.”

ಆ ಓಣಿಯನ್ನು ನಾನು ಕಂಡಿದ್ದೆ. ಕಟ್ಟೆಯ ಮೇಲೆ ಕಟ್ಟಿಗೆಯ ಬಾಳೆಹಣ್ಣು, ಪೇರಲಹಣ್ಣು ಸಾಲಾಗಿ ಬಿಸಿಲಿಗೆ ಒಣಗುವುದನ್ನು, ಗಂಡಸರು ಕಾಲಬೆರಳಲ್ಲಿ ಕಟ್ಟಿಗೆ ಒತ್ತಿ ಹಿಡಿದು ಕೆತ್ತುವುದನ್ನು ನಿಂತು ನೋಡಿದ್ದೆ. ಅವರ ಕೈಯಲ್ಲಿದ್ದ ಸಾಮಾನಿನ ಹೆಸರು, ಆ ಪದ ಬರೆಯುವಾಗ ನನ್ನ ತಲೆಗೆ ಬರಲೇ ಇಲ್ಲ. ಆ ತಿಂಗಳು ನನಗೆ ಆ ಪದಕ್ಕೆ ಒಂದೇ ಅರ್ಥವಿತ್ತು. ಗೊಂಬೆ ಮಾಡುವವರ ಮಕ್ಕಳಿಗೂ ಒಂದೇ ಅರ್ಥವಿತ್ತು.

“ಚೀಟಿ ಬರೀರಿ,” ಎಂದರು ಕೇದಾರಿ ಮಾಸ್ತರರು, ಟೊಪ್ಪಿಗೆಯನ್ನು ನಡುವೆ ಇಟ್ಟು. “ಯಾವುದು ಸರಿ ಅಂತ ಬರೀರಿ. ಇಬ್ಬರದು ಕೂಡಿದ್ದ ಕಾಯ್ದೆ.”

ಕೇದಾರಿ ಮಾಸ್ತರರ ಚೀಟಿ ಬಿಚ್ಚಿ ನೋಡುವುದೇ ಬೇಡ. ನನ್ನ ಚೀಟಿಯಲ್ಲಿ ಏನು ಬರೆಯಬೇಕು? ಮಾಸ್ತರಿಣಿಯಾಗಿ ನನಗೆ ಗೊತ್ತಿತ್ತು, ಗೋಕಾವಿಯ ಮಕ್ಕಳಿಗೆ ಮಾರ್ಕು ಸಿಗಲೇಬೇಕು. ಆದರೆ ಕೈ ಕೇಳಲಿಲ್ಲ. ‘ಹೋಗದೆ ಇರು’ ಎಂದೇ ಬರೆದೆ. ಮೂರನೆಯ ಚೀಟಿಯಲ್ಲೂ ಅದೇ ಬಂದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ, ಅದೂ ಗೊತ್ತಿತ್ತು. ಬರಲಿ ಎಂದು ಆಸೆಪಟ್ಟೆ. ಅಷ್ಟು ಕೆಟ್ಟ ಆಸೆಯನ್ನು ನಾನು ಹಿಂದೆಂದೂ ಪಟ್ಟವಳಲ್ಲ.

ಕೇದಾರಿ ಮಾಸ್ತರರು ಚೀಟಿಗಳನ್ನು ಬಿಚ್ಚಿದರು. ತಮ್ಮದನ್ನು ಓದಿದರು, ಕಟ್ಟಿಗೆ ಕೆತ್ತುವ ಸಾಮಾನು. ನನ್ನದನ್ನು ಓದಿ ಗೊಣಗಿದರು. ಮೂರನೆಯದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

“ಎರಡೂ ಸರಿ. ಪ್ರಶ್ನೆಯೇ ತಪ್ಪು. ಎಲ್ಲರಿಗೂ ಮಾರ್ಕು ಕೊಡಬೇಕು.”

“ಹಾಂ! ಇದು ನ್ಯಾಯ,” ಎಂದು ಕೇದಾರಿ ಮಾಸ್ತರರು ತೊಡೆ ತಟ್ಟಿದರು. ಚೀಟಿಯ ಲೆಕ್ಕದಲ್ಲಿ ಮೂರು ಮೂರು ದಿಕ್ಕಾಗಿದ್ದವು. ಆದರೂ ಆ ಮಾತಿಗೆ ನಾನು ಒಪ್ಪಿಗೆ ಹೇಳಿದೆ, ಇನ್ನೇನು ಹೇಳಲಿ? ನ್ಯಾಯವೇ ಅದು. ಇನ್ನೊಬ್ಬರು ಯಾರಾದರೂ ನನ್ನ ಮನಸ್ಸಿಗೆ ಬೇಕಾದದ್ದನ್ನು ಬರೆದು ಆ ಮಕ್ಕಳನ್ನು ಕೆಡವಿದ್ದರೆ ನಾನು ಅವರ ಮುಖ ನೋಡುತ್ತಿರಲಿಲ್ಲ. ಆದಿನಾಥ ಮಾಸ್ತರರು ಯಾರ ಸಲುವಾಗಿಯೂ ಅರ್ಧ ಮಾರ್ಕು ಅತ್ತಿತ್ತ ಮಾಡುವವರಲ್ಲ, ಅದಕ್ಕೇ ಅಲ್ಲವೇ ನನಗೆ ಅವರು ಬೇಕಾದದ್ದು. ಗೋಕಾವಿಯ ಪೇಪರುಗಳನ್ನು ಒಂದೊಂದಾಗಿ ತೆಗೆದು, ನನ್ನ ಕೈಯಾರೆ ಒಂದೊಂದು ಮಾರ್ಕು ಏರಿಸಿದೆ. ನಾಪಾಸಾದವರೆಲ್ಲ ಪಾಸಾದರು.

ಹೊತ್ತು ಇನ್ನೂ ಮೇಲಿರುವಾಗಲೇ ಕೆಲಸ ಮುಗಿಯಿತು. ಕೇದಾರಿ ಮಾಸ್ತರರು ಗೋಕಾವಿಯ ಟಾಂಗಾ ಹತ್ತುವಾಗ, “ಧಾರವಾಡಕ್ಕ ಹೋದ್ರೂ ನಮ್ಮನ್ನ ಮರೀಬ್ಯಾಡ್ರಿ ತಂಗೀ,” ಎಂದು ಟೊಪ್ಪಿಗೆ ಎತ್ತಿದರು. ನಾವಿಬ್ಬರು ಸ್ಟೇಶನ್ನಿನ ಮುಂದಿನ ಬೇವಿನ ಗಿಡದ ಕೆಳಗೆ ಮೋಟಾರು ಕಾಯುತ್ತ ನಿಂತೆವು. ಹುಕ್ಕೇರಿಯ ಮೋಟಾರು ಮೊದಲು, ಮೂಡಲಗಿಯದು ಆಮೇಲೆ. ಗಿರಣಿಯ ಕೂಲಿಗಳು ಗುಂಪಾಗಿ ರೈಲು ಇಳಿದು ಹೋದರು. ಆಮೇಲೆ ಯಾರೂ ಇರಲಿಲ್ಲ.

“ಪ್ರಶ್ನಿ ತಪ್ಪಿತ್ತೇನ್ರಿ?” ಎಂದೆ.

“ಹುಡುಗರಿಗೆ ಕೇಳಿದ್ದು ತಪ್ಪಾತ್ರಿ.”

“ಮತ್ತ ಯಾರಿಗೆ ಕೇಳಬೇಕಿತ್ತು?”

ಅವರು ಪೇಪರಿನ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. “ನನಗ ಗೊತ್ತಾಗಿ ಹೋಗಿತ್ರಿ. ಅವತ್ತ ನಕಲು ಮಾಡಕೋತ ಕುಂತಾಗನ ಗೊತ್ತಾಗಿತ್ತು.”

“ಗೊತ್ತಾದ ಮ್ಯಾಲೂ ಸುಮ್ಮನ ಕುಂತ್ರಿ.”

“ಏನ ಅನ್ನಲಿ? ಮೂಡಲಗ್ಯಾಗ ಹೆಣ್ಣಮಕ್ಕಳ ಸಾಲಿ ಎರಡನೇ ಇಯತ್ತೆ ತನಕಾ ಐತಿ. ಅದೂ ಇವತ್ತೈತಿ, ನಾಳಿಗಿಲ್ಲ. ನೀವು ಬಂದ್ರ ಏನ ಮಾಡ್ತೀರಿ? ನಮ್ಮ ಅವ್ವಗ ಬಿಸಿನೀರು ಕಾಸತೀರಿ, ನನಗ ರೊಟ್ಟಿ ಕಟ್ಟತೀರಿ. ಅಲ್ಲಿ ನಿಮ್ಮ ಕೈಯಾಗ ಕಲತ ಹುಡಿಗ್ಯಾರು ಒಬ್ಬೊಬ್ಬರು ಒಂದೊಂದ ಊರಾಗ ಸಾಲಿ ನಡಸ್ತಾರ. ನನ್ನ ಮನಿ ಸಲುವಾಗಿ ಅವರನ್ನೆಲ್ಲಾ ನಾ ನಾಪಾಸ ಮಾಡಲೇನ್ರಿ?”

ಇಷ್ಟು ಮಾತು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಒಳಗೊಳಗೇ ಎಷ್ಟು ಸಲ ಆಡಿ ನೋಡಿಕೊಂಡಿದ್ದರೋ. ನನಗೆ ಸಿಟ್ಟು ಉಕ್ಕಿತು.

“ನನ್ನ ಪೇಪರು ನೀವೊಬ್ಬರ ತಿದ್ದಿದ್ರೇನು? ನಮ್ಮ ನೇಮ ಏನೈತಿ? ಒಬ್ಬರ ತಿದ್ದಿದ್ದು ಲೆಕ್ಕಕ್ಕಿಲ್ಲ. ನನ್ನ ಚೀಟಿ ನೋಡಬೇಕಿತ್ತಲ್ಲ ನೀವು?”

“ಖರೆ ಐತ್ರಿ,” ಎಂದರು. ಆಮೇಲೆ ನನ್ನನ್ನು ನೇರ ನೋಡಿದರು, ಯಾವಾಗಲೂ ಪೇಪರನ್ನು ನೋಡುವ ಹಾಗೆ, ಇವಳು ಏನು ಹೇಳಲಿಕ್ಕೆ ಹೊರಟಿದ್ದಾಳೆ ಎಂದು ಕೇಳಿಕೊಳ್ಳುವ ಹಾಗೆ. “ಹಂಗಾರ ಈಗ ಬರೀರಿ. ಆ ಆರ್ಡರು ಬಂದ ದಿನ, ಓದಿದ ಕೂಡ್ಲೆ, ಬ್ಯಾರೆ ಏನೂ ನೆನಪಾಗೂದಕ್ಕಿಂತ ಮೊದಲ, ಏನನಿಸಿತ್ರಿ ನಿಮಗ?”

ಸುಳ್ಳು ಹೇಳಿದ್ದರೆ ಅವತ್ತೇ ಎಲ್ಲ ಬೇರೆಯಾಗುತ್ತಿತ್ತು. ಸುಳ್ಳು ಬಾಯಿಯ ತನಕ ಬಂತು. ಅವರೆದುರು ಹೇಳಲಾಗಲಿಲ್ಲ. ಆ ದಿನ ಆರ್ಡರು ಓದಿ ನಾನು ಅಡಿಗೆಮನೆಯಲ್ಲಿ ಗಟ್ಟಿಯಾಗಿ ನಕ್ಕಿದ್ದೆ. ಹಿಟ್ಟಿನ ಕೈಯಲ್ಲೇ ಅವ್ವನನ್ನು ತಬ್ಬಿಕೊಂಡು ಗರಗರ ತಿರುಗಿಸಿದ್ದೆ. ಅವ್ವ, ಹುಚ್ಚು ಹಿಡಿಯಿತೇನೆ ಎಂದು ಬೈದಿದ್ದಳು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಮೂಡಲಗಿ ನೆನಪಾದದ್ದು ಅದರ ಹಿಂದಿನಿಂದ.

“ನಕ್ಕಿನ್ರಿ,” ಎಂದೆ. “ಭಾಳ ನಕ್ಕಿನಿ.”

ಅವರು ತಲೆಯಾಡಿಸಿದರು. “ನಾನೂ ಅದನ್ನ ಅಂದಕೊಂಡಿದ್ದೆ,” ಎಂದರು.

ಹೀಗೆ ಆ ದಿನವೂ ನಮ್ಮ ಮಾರ್ಕು ಒಂದೇ ಬಂತು. ಬೇವಿನ ಹೂವು ಉದುರಿ ಅವರ ಟೊಪ್ಪಿಗೆಯ ಮೇಲೆ, ಭುಜದ ಮೇಲೆ ಕೂತಿತ್ತು. ಕೈಚಾಚಿ ಕೊಡವಬೇಕೆನ್ನಿಸಿತು. ಕೊಡವಲಿಲ್ಲ. ಹಾದಿಯ ತಿರುವಿನಲ್ಲಿ ಧೂಳೆದ್ದಿತು, ಹುಕ್ಕೇರಿಯ ಮೋಟಾರು ಬರುವುದು ಕಂಡಿತು.

“ಹೋಗ್ತೇನ್ರಿ,” ಎಂದೆ. “ಧಾರವಾಡಕ್ಕ ನಾಳೆನ ಬರದ ಹಾಕ್ತೇನಿ. ಆದ್ರ ಆ ಮಾತು ಒಂದ ಸಲ ಅನ್ರಿ. ನಾ ಹೆಂಗೂ ಹೋಗ್ತೇನಿ. ಸುಮ್ಮನ ಒಂದ ಸಲ, ಕೇಳಾಕ.”

ಹುಡುಗರ ಎದುರು ದಿನವಿಡೀ ಮಾತಾಡುವ ಮನುಷ್ಯ, ಎರಡಕ್ಷರಕ್ಕೆ ತಡವರಿಸಿದರು.

“ಹೆಂಗ ಅನ್ನಲ್ರಿ? ಅದು ಏಕವಚನ ಐತಿ.”

ನಗು ಬಂತು ನನಗೆ, ಅಳುವೂ ಅದರ ಜೊತೆಗೇ ಬಂತು. ಇಷ್ಟು ವರ್ಷ ಬರ್ರಿ, ಕುಂದ್ರಿ, ತಗೋರಿ ಎಂದು ಒಂದೊಂದು ಮಾತಿಗೂ ರಿ ಹಚ್ಚಿ, ನಮ್ಮ ನಡುವೆ ಅದನ್ನೇ ಗೋಡೆಯಂತೆ ಕಟ್ಟಿಕೊಂಡಿದ್ದೆವು.

“ಏಕವಚನ ಅಂತ ನನಗ ಗೊತ್ತಿಲ್ಲೇನ್ರಿ, ಆದಿನಾಥ ಮಾಸ್ತರ? ನಾ ಬರದದ್ದ ಏಕವಚನದಾಗ.”

ಮೋಟಾರು ಬಂದು ನಿಂತಿತು. ಕಂಡಕ್ಟರು ಹುಕ್ಕೇರಿ, ಹುಕ್ಕೇರಿ ಎಂದು ಕೂಗಿದ. ನಾನು ಕಾಲು ಮೇಲಿಟ್ಟು, ಗಂಟು ಒಳಗಿಟ್ಟು, ತಿರುಗಿ ನೋಡಿದೆ. ಅವರು ಹತ್ತಿರ ಬಂದಿದ್ದರು. ಎಂದೂ ಬಾರದಷ್ಟು ಹತ್ತಿರ. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ.

“ಹೋಗು, ತಾರಾ,” ಎಂದರು.

ಅಪ್ಪ ತೀರಿಹೋದ ಮೇಲೆ ಯಾವ ಗಂಡಸೂ ನನ್ನನ್ನು ಹಾಗೆ ಕರೆದಿರಲಿಲ್ಲ. ಮೋಟಾರು ಹೊರಟಿತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಹುಕ್ಕೇರಿ ಬರುವ ತನಕ ಅತ್ತೆ. ನಾನು ಬೇಡಿದ ಏಕವಚನ ನನಗೆ ಸಿಕ್ಕಿತ್ತು, ಹೋಗು ಎಂಬ ಮಾತಿನೊಳಗೆ.